ಅವರ ಫೋಟೊ ಆಡಿದ ಕೇರಂ

ಮದುವೆಯಾದ ವರ್ಷ ನನಗೆ ದೇವದುರ್ಗದಲ್ಲಿ ಶಾಲೆಯ ಟೀಚರ್ ಕೆಲಸ, ನನ್ನ ಗಂಡನಿಗೆ ಮಾನ್ವಿಯಲ್ಲಿ ಕಚೇರಿ. ರಾಯಚೂರಿನಲ್ಲಿ ಮನೆ ಮಾಡಿದ್ದೆವು. ಶನಿವಾರ ಸಂಜೆ ಬರುವುದು, ಸೋಮವಾರ ಬೆಳಿಗ್ಗೆ ಹೋಗುವುದು. ಉಳಿದ ದಿನ ಇಬ್ಬರದೂ ಬಾಡಿಗೆ ಕೋಣೆ.

ಫೋನಿನಲ್ಲಿ ನಮಗೆ ಮಾತು ಬರುತ್ತಿರಲಿಲ್ಲ. "ಊಟ ಆತೇನು?" "ಆತ್ರಿ." ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕೇ ಅವರು ಒಂದು ಕೇರಂ ಆಟ ಹುಡುಕಿ ನನ್ನ ಮೊಬೈಲಿಗೂ ಹಾಕಿಕೊಟ್ಟರು. ಸಂಜೆ ನಾನು ಅನ್ನಕ್ಕಿಟ್ಟು ಕೂರುತ್ತಿದ್ದೆ, ಅವರು ಮಾನ್ವಿಯಲ್ಲಿ ಚಹಾ ಕುಡಿಯುತ್ತ ಆಡುತ್ತಿದ್ದರು. ಹಲಗೆ, ಕಾಯಿ, ಟಕ್ಕೆನ್ನುವ ಸದ್ದು ಬಿಟ್ಟರೆ ಆ ಆಟದಲ್ಲಿ ಬೇರೇನೂ ಇರಲಿಲ್ಲ. ಆದರೆ ಅವರು ಹೊಡೆಯುವ ರೀತಿಯಲ್ಲೇ ಅವರ ದಿನ ಹೇಗೆ ಕಳೆಯಿತೆಂದು ನನಗೆ ತಿಳಿಯುತ್ತಿತ್ತು. ಸಾಹೇಬರು ಬೈದಿದ್ದರೆ ಜೋರಾಗಿ ಹೊಡೆದು ಸ್ಟ್ರೈಕರನ್ನೇ ಕುಳಿಗೆ ಹಾಕಿಕೊಳ್ಳುತ್ತಿದ್ದರು. ಖುಷಿಯಲ್ಲಿದ್ದರೆ ಬೇಕಂತಲೇ ಕೆಂಪು ಕಾಯಿ ನನಗೆ ಬಿಡುತ್ತಿದ್ದರು.

ಬರಬರುತ್ತ ಆಟ ಕೆಟ್ಟಿತು. ಮೊದಲು ಆಟ ಮುಗಿದ ಮೇಲೆ ಜಾಹೀರಾತು ಬರುತ್ತಿತ್ತು, ಆಮೇಲೆ ನಡುನಡುವೆಯೂ ಬರತೊಡಗಿತು. ಹಲಗೆಯ ಸುತ್ತ ವಜ್ರ, ಪೆಟ್ಟಿಗೆ, ತಿರುಗುವ ಚಕ್ರ ಸೇರಿಕೊಂಡವು. ಜಾಹೀರಾತು ಮುಚ್ಚುವ ಗುರುತು ಹುಡುಕುವಷ್ಟರಲ್ಲಿ ಅನ್ನ ತಳ ಹಿಡಿಯುತ್ತಿತ್ತು. ಆದರೂ ಅವರ ಫೋಟೊದ ಪಕ್ಕ, ಅವರು ಆಟಕ್ಕೆ ಬಂದಿದ್ದಾರೆನ್ನುವ ಹಸಿರು ಚುಕ್ಕೆ ಕಂಡರೆ ಆಡುತ್ತಿದ್ದೆ. ಅವರ ಆಟ ಸುಧಾರಿಸಿತ್ತು, ಸಿಟ್ಟಿನ ಹೊಡೆತ ನಿಂತಿತ್ತು. ಕಚೇರಿಯಲ್ಲಿ ಈಗ ನೆಮ್ಮದಿ ಇರಬೇಕು ಅಂದುಕೊಂಡೆ.

ಒಂದು ಭಾನುವಾರ ರೊಟ್ಟಿ ಬಡಿಯುತ್ತ ಹೇಳಿದೆ: "ಮೊನ್ನೆ ಬೇಸ್ತವಾರ ಆ ಕೆಂಪು ಕಾಯಿ ಛಲೋ ಹೊಡದ್ರಿ ನೋಡ್ರಿ."

"ಯಾವ ಕಾಯಿ?"

"ಕೇರಂನಾಗ್ರಿ."

"ನಾ ಎಲ್ಲಿ ಆಡೀನಿ? ಅದನ್ನ ತಗದು ಭಾಳ ದಿನ ಆತು. ಜಾಹೀರಾತು ನೋಡಿ ನೋಡಿ ತಲಿ ಚಿಟ್ಟು ಹಿಡಿದಿತ್ತು. ನೀನೂ ಬಿಟ್ಟಿರ್ತಿ ಅನ್ಕೊಂಡಿದ್ದೆ."

ಕೈ ತೊಳೆದುಕೊಂಡು ಮೊಬೈಲ್ ತೋರಿಸಿದೆ. ಹಸಿರು ಚುಕ್ಕೆ ಇತ್ತು. ಅವರು ನನ್ನೆದುರೇ ಕೂತಿದ್ದರು. ಒತ್ತಿದ ಕೂಡಲೇ ಆಟ ಶುರುವಾಯಿತು; ಅವರ ಫೋಟೊ ಮೊದಲ ಹೊಡೆತ ಹೊಡೆಯಿತು.

"ಮಂದಿ ಬರಲಿಲ್ಲಂದ್ರ ಅವರ ಹೆಸರಿನ್ಯಾಗ ಕಂಪ್ಯೂಟರ್ ತಾನಾ ಆಡತದ," ಎಂದರು. "ಎಷ್ಟು ಛಲೋ ಆಟ ಇತ್ತು, ಕೆಡಿಸಿ ಇಟ್ಟಾರ."

"ಹೌದ್ರಿ," ಎಂದೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ. ಆಟ ಬಿಟ್ಟೆ ಅಂತ ಅವರು ಹೇಳಿರಲಿಲ್ಲ, ಆಡುತ್ತೀರಾ ಅಂತ ನಾನೂ ಕೇಳಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಕೂತು ಬೇರೆ ಕೇರಂ ಹುಡುಕಿದೆವು. ಸಿಕ್ಕವೆಲ್ಲ ಅದೇ ನಮೂನೆ. ಒಂದರ ಜಾಹೀರಾತು ಮುಗಿಯುವುದನ್ನೇ ಕಾಯುತ್ತ ಅವರು ನಿದ್ದೆ ಹೋದರು.

ಸೋಮವಾರ ದೇವದುರ್ಗಕ್ಕೆ ಹೋದ ಮೇಲೆ ಮತ್ತೆ ಆಡಿದೆ. ಗೆದ್ದೆ. ಏನೂ ಅನ್ನಿಸಲಿಲ್ಲ. ಆ ವಾರವೇ ಅದನ್ನು ಮೊಬೈಲಿನಿಂದ ತೆಗೆದೆ.

ಈಗ ಸಂಜೆ ಅವರು ಫೋನ್ ಮಾಡುತ್ತಾರೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಹೇಳುತ್ತಾರೆ, ನಾನು ಶಾಲೆಯ ಮಕ್ಕಳ ಪರೀಕ್ಷೆಯ ಸುದ್ದಿ ಹೇಳುತ್ತೇನೆ. ಸುದ್ದಿ ಮುಗಿದ ಮೇಲೂ ಯಾರೂ ಫೋನ್ ಇಡುವುದಿಲ್ಲ. ಅವರ ಕೋಣೆಯ ಮುಂದಿನ ರಸ್ತೆಯಲ್ಲಿ ಭತ್ತದ ಲಾರಿ ಹೋಗುವುದು ಕೇಳಿಸುತ್ತದೆ.