ಟೀಚರ್ ನೋಡಿದ್ದಾರೆ

ಪೆನ್‌ಡ್ರೈವಿಗೆ ಲವಂಗದ ವಾಸನೆ ಹತ್ತಿತ್ತು.

ಟೀಚರ್ ಅವರ ಯಜಮಾನರು ಹೋದ ತಿಂಗಳು ವಿದ್ಯಾನಗರದ ನಮ್ಮ ಮನೆಗೆ ಬಂದು ಅದನ್ನು ನನ್ನ ಕೈಗಿಟ್ಟರು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದರು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ಅವಳ ಬ್ಯಾಗಲ್ಲಿತ್ತು ಸಾರ್. 'ಅಣ್ಣಾವ್ರದ್ದು, ಕೊಡಬೇಕು' ಅಂತ ಚೀಟಿ ಅಂಟಿಸಿಟ್ಟಿದ್ಳು. ಅವಳ ವರ್ಷಾಂತಿಕದೊಳಗೆ ಕೊಟ್ಬಿಡೋಣ ಅಂತ ಬಂದೆ."

ಹೊರಡುವ ಮೊದಲು ಅವರು ನನ್ನನ್ನು ಒಂದು ಮಾತು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅದೇನೆಂದು ಮುಂದೆ ಹೇಳುತ್ತೇನೆ. ಮೊದಲು ಟೀಚರ್ ವಿಷಯ ಹೇಳಬೇಕು.

ಟೀಚರ್ ನನಗೇನೂ ಪಾಠ ಹೇಳಿದವರಲ್ಲ. ಭದ್ರಾವತಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಚಿಕ್ಕವರು. ಮನೆಮಾತು ತಮಿಳು, ತಂದೆ ಕಾರ್ಖಾನೆಯಲ್ಲಿ ದುಡಿದವರು. ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಸೀಮೆಸುಣ್ಣದ ಧೂಳಿಗೆ ಗಂಟಲು ಕಟ್ಟುತ್ತದೆ ಎಂದು ಶುರು ಮಾಡಿದ್ದಂತೆ, ಆಮೇಲೆ ಬಿಡಲಾಗಲಿಲ್ಲವಂತೆ.

ಆಗ ಗಾಂಧಿ ಬಜಾರಿನಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ನನ್ನ ಡಿ.ಟಿ.ಪಿ. ಅಂಗಡಿ ಇತ್ತು. ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆ ಮಾಡುತ್ತಿದ್ದೆ. ನಮ್ಮಂಥವರು ಹಿಂದೆ ಹಳೆಯ ಫಾಂಟುಗಳಲ್ಲಿ ಹೊಡೆದಿಟ್ಟ ಫೈಲುಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆ, ಗೆರೆ, ಚುಕ್ಕಿಗಳ ಕಲಸುಮೇಲೋಗರ. ಅದನ್ನು ಮತ್ತೆ ಓದುವ ಕನ್ನಡವನ್ನಾಗಿ ಬದಲಾಯಿಸುವ ಒಂದು ತಂತ್ರಾಂಶವನ್ನು ಟೀಚರ್ ಮತ್ತು ಬೇರೆ ಬೇರೆ ಊರಿನ ಕೆಲವರು ಸೇರಿ ಕಟ್ಟುತ್ತಿದ್ದರು. ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿನದನ್ನು ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಹಳೆಯ ಫಾಂಟಿನಲ್ಲಿ ಯಾವ ಗುರುತು ಯಾವ ಅಕ್ಷರಕ್ಕೆ ಎಂದು ತಿಳಿದವರು ಅವರಿಗೆ ಬೇಕಿತ್ತು. ನನಗೆ ಅದು ತಲೆಗಿಂತ ಹೆಚ್ಚಾಗಿ ಬೆರಳಿಗೆ ಗೊತ್ತಿತ್ತು.

ಭಾನುವಾರ ಅಂಗಡಿಯ ಅರ್ಧ ಶಟರ್ ಎಳೆದು ಕೂರುತ್ತಿದ್ದೆವು. ಮೊದಲ ಸಲ ನನ್ನ ಪೆನ್‌ಡ್ರೈವ್ ಹಾಕಿ ನೋಡಿದ ಟೀಚರ್ ನಗತೊಡಗಿದರು.

"ಮುರುಗಾ! ಏನಿದು ಅಣ್ಣಾವ್ರೇ? 'ಫೈನಲ್', 'ಹೊಸ ಫೈನಲ್', 'ಇದೇ ಫೈನಲ್', 'ದೇವರಾಣೆ ಫೈನಲ್'... ಇದ್ರಲ್ಲಿ ಯಾವ್ದು ಫೈನಲ್ಲು?"

"ಕೊನೇದು."

"ಕೊನೇದು ಯಾವ್ದು?"

ನನಗೂ ಗೊತ್ತಿರಲಿಲ್ಲ. ಅವರು ಆ ಪೆನ್‌ಡ್ರೈವನ್ನು ಕಿತ್ತು ತಮ್ಮ ಬ್ಯಾಗಿಗೆ, ಲವಂಗದ ಡಬ್ಬಿಯ ಪಕ್ಕಕ್ಕೆ ಹಾಕಿಕೊಂಡರು. "ಇದು ಜಪ್ತಿ. ಬುದ್ಧಿ ಬಂದ್ಮೇಲೆ ವಾಪಸ್ ಕೊಡ್ತೀನಿ" ಎಂದರು.

ಆ ಮೇಲೆ ಅವರ ಪದ್ಧತಿ ಕಲಿಸಿದರು. ಎಲ್ಲರಿಗೂ ಸೇರಿ ಅಂತರ್ಜಾಲದಲ್ಲಿ ಒಂದೇ ಮೂಲಪ್ರತಿ. ಅದನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ನಮ್ಮ ತಿದ್ದುಪಡಿಯನ್ನು ಬೇರೆ ಕವಲಿನಲ್ಲಿ, ಎಂದರೆ ಪಕ್ಕದ ಒಂದು ಪ್ರತಿಯಲ್ಲಿ ಮಾಡಿ, ಏನು ತಿದ್ದಿದೆ, ಏಕೆ ತಿದ್ದಿದೆ ಎಂದು ಬರೆದು ಇಡಬೇಕು. ಇನ್ನೊಬ್ಬರು ಅದನ್ನು ಓದಿ, ಓಡಿಸಿ ನೋಡಿ, ಒಪ್ಪಿದ ಮೇಲೆ ಮೂಲಕ್ಕೆ ಕೂಡಿಸಬೇಕು. ಕೂಡಿಸುವಾಗ ಕೆಳಗೆ 'ನೋಡಿದವರು' ಎಂದು ಅವರ ಹೆಸರು ಹಾಕಬೇಕು. ಒಮ್ಮೆ ಕೂಡಿಸಿದ್ದು ಚರಿತ್ರೆಗೆ ಸೇರಿತು. ತಪ್ಪಾದರೆ ಇನ್ನೊಂದು ತಿದ್ದುಪಡಿಯಿಂದ ಸರಿಮಾಡಬಹುದೇ ಹೊರತು, ಹಳೆಯದನ್ನು ಅಳಿಸುವಂತಿಲ್ಲ.

ಇದೆಲ್ಲ ನನಗೆ ಮದುವೆ ಮನೆಯಲ್ಲಿ ಊಟಕ್ಕೆ ಬಂದವರ ಕೈಲೆಲ್ಲ ಹೋಮ ಮಾಡಿಸಿದ ಹಾಗೆ ಕಂಡಿತು. ಗೊಣಗಿದೆ.

"ನಮ್ಮಪ್ಪ ಶಿಫ್ಟ್ ಬಿಡೋವಾಗ, ಬರೋನು ಬಂದು ಮಿಷನ್ ಮುಟ್ಟಿ ನೋಡಿ 'ಸರಿ ಇದೆ, ಹೋಗು' ಅನ್ನೋವರೆಗೂ ಗೇಟ್ ಕಡೆ ತಿರುಗ್ತಿರ್ಲಿಲ್ಲ" ಎಂದರು ಟೀಚರ್. "ತನ್ನ ಕೆಲ್ಸಕ್ಕೆ ತಾನೇ 'ಸರಿ' ಅನ್ನೋ ಹಾಗಿಲ್ಲ. ಮಾಡ್ದೋರ ಕಣ್ಣಿಗೆ ತಪ್ಪು ಕಾಣ್ಸಲ್ಲ ಅಣ್ಣಾವ್ರೇ. ಅಷ್ಟೇ ವಿಷ್ಯ, ದೊಡ್ಡ ವೇದ ಏನಲ್ಲ."

ಯಾರು ಏನು ಮಾಡುತ್ತಿದ್ದಾರೆ, ಯಾರ ತಿದ್ದುಪಡಿ ಯಾರದ್ದಕ್ಕೆ ಅಡ್ಡ ಬರುತ್ತದೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ... ಎಲ್ಲವನ್ನೂ ಅವರೇ ಸಂಭಾಳಿಸುತ್ತಿದ್ದರು. ಯಾವ ಊರಿನಿಂದ ಏನೇ ಬಂದರೂ ಶಾಲೆ ಬಿಟ್ಟು ಬಂದು ಅದೇ ಸಂಜೆ ನೋಡುತ್ತಿದ್ದರು. ಬೇರೆ ಬೇರೆ ಊರಿನವರು ಕಳಿಸಿದ ಹಳೆಯ ಫೈಲುಗಳ ಒಂದು ಕಂತೆ ಅವರ ಬಳಿ ಇತ್ತು. ಪ್ರತಿ ತಿದ್ದುಪಡಿಯನ್ನೂ ಅವೆಲ್ಲದರ ಮೇಲೆ ಓಡಿಸಿಯೇ ತೀರುತ್ತಿದ್ದರು. 'ಟೀಚರ್ ನೋಡಿದ್ದಾರೆ' ಎಂದರೆ ಉಳಿದವರು ಮತ್ತೆ ತೆರೆದು ನೋಡುತ್ತಿರಲಿಲ್ಲ. ಅವರ ಹೆಸರಿಗೆ ಅಷ್ಟು ಬೆಲೆ ಇತ್ತು.

ಕೆಲ ಕಾಲದ ಮೇಲೆ ಕೂಡಿಸುವ ಹಕ್ಕನ್ನು ನನಗೂ ಕೊಡಿಸಿದರು. ನಾನು ಎಸ್.ಎಸ್.ಎಲ್.ಸಿ. ಓದಿದವನು. ಮೈಸೂರಿನ ಒಬ್ಬ ಇಂಜಿನಿಯರ್ ನಮ್ಮೆಲ್ಲರ ಮೇಲ್ ಗುಂಪಿನಲ್ಲಿ ನನ್ನನ್ನು 'ಸಾರ್' ಎಂದು ಕರೆದು ಸಲಹೆ ಕೇಳುತ್ತಿದ್ದ. ಆ ಮಾತಿನ ರುಚಿ ನನಗೆ ಹತ್ತಿಬಿಟ್ಟಿತ್ತು. ಮುಂದೆ ಆದದ್ದಕ್ಕೆಲ್ಲ ಕಾರಣ ಅದೇ, ಬೇರೇನೂ ಅಲ್ಲ.

ಟೀಚರ್ ಅವರ ತಾಯಿ ಆಸ್ಪತ್ರೆಗೆ ಸೇರಿದ ವಾರ ಅದು. ನನ್ನ ಹಳೆಯ ಗಿರಾಕಿಯೊಬ್ಬರು, ಒಂದು ಸಂಘದ ಕಾರ್ಯದರ್ಶಿ, ಹಳೆಯ ಸ್ಮರಣ ಸಂಚಿಕೆಯನ್ನು ಮರುಮುದ್ರಣ ಮಾಡಿಸಬೇಕೆಂದು ತಲೆಯ ಮೇಲೆ ಕೂತಿದ್ದರು. ಆ ಫೈಲುಗಳಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಉದ್ದಗೆರೆ, ಅದರಾಚೆ ಕಸದಂಥ ಗುರುತುಗಳು ಬರುತ್ತಿದ್ದವು. 'ಉದ್ದಗೆರೆ ಕಂಡರೆ ಅಲ್ಲಿಂದ ಸಾಲಿನ ಕೊನೆಯವರೆಗೆ ಅಳಿಸು' ಎಂದು ನಾನೊಂದು ನಿಯಮ ಸೇರಿಸಿದೆ. ಸಂಚಿಕೆ ತೊಳೆದ ಹಾಗೆ ಸ್ವಚ್ಛವಾಗಿ ಬಂತು.

"ಆಯ್ತೇನ್ರೀ? ಊಟ ಮುಗಿಸಿ ಬರೋಷ್ಟ್ರಲ್ಲಿ ಕೊಡ್ತೀನಿ ಅಂದಿದ್ರಲ್ಲ" ಎಂದು ಕಾರ್ಯದರ್ಶಿಗಳು ಮೆಟ್ಟಿಲ ಬಳಿಯಿಂದಲೇ ಕೂಗಿದರು.

ಸಂಚಿಕೆಯ ಮಟ್ಟಿಗೆ ನನ್ನ ಕಂಪ್ಯೂಟರಿನಲ್ಲೇ ಮುಗಿಸಿ ಕೊಡಬಹುದಿತ್ತು. ಮೂಲಪ್ರತಿಗೆ ಕೂಡಿಸುವ ಅಗತ್ಯವೇ ಇರಲಿಲ್ಲ. ಆದರೆ ನಾನೇ ಕಂಡುಹಿಡಿದ ನಿಯಮ, ಎಲ್ಲರೂ ನೋಡಲಿ ಅನ್ನಿಸಿತು. ಆಸ್ಪತ್ರೆಯಲ್ಲಿರುವವರನ್ನು ಇದಕ್ಕೆ ಕರೆಯುವುದೇ? ಇದ್ದಿದ್ದರೆ ಹೇಗೂ ಒಪ್ಪುತ್ತಿದ್ದರು ಎಂದುಕೊಂಡೆ. ಕೂಡಿಸಿದೆ. 'ನೋಡಿದವರು' ಎಂಬಲ್ಲಿ ಟೀಚರ್ ಹೆಸರು ಹಾಕಿದೆ. ಸಂಚಿಕೆಯನ್ನು ಕಾರ್ಯದರ್ಶಿಗಳ ಕೈಗಿಟ್ಟೆ.

ಸ್ವಲ್ಪ ದಿನದ ಮೇಲೆ ಚಿತ್ರದುರ್ಗದ ಕಡೆಯ ಹಿರಿಯರೊಬ್ಬರು ಗುಂಪಿಗೆ ಬರೆದರು. ತಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅವರು ಹಳೆಯ ಫಾಂಟಿನಲ್ಲಿ ಬರೆದಿಟ್ಟಿದ್ದರು. ತಾಯಿ ಹಾಡಿದ ಮೇಲೆ ಜೊತೆಯ ಹೆಂಗಸರು ಎತ್ತಿಕೊಳ್ಳುತ್ತಿದ್ದ ಮಾತುಗಳನ್ನು ಗುರುತಿಸಲು ನಡುವೆ ಉದ್ದಗೆರೆ ಹಾಕಿದ್ದರು. ನಮ್ಮ ತಂತ್ರಾಂಶದಲ್ಲಿ ಹಾಕಿ ತೆಗೆದು, ಮೊದಲ ಪುಟ ನೋಡಿ ಚೆನ್ನಾಗಿದೆಯೆಂದು ಹಳೆಯ ಫೈಲುಗಳನ್ನು ಅಳಿಸಿಬಿಟ್ಟಿದ್ದರು. ಆಮೇಲೆ ಒಳಪುಟ ಓದಿದರೆ, ತಾಯಿಯ ಸಾಲುಗಳಿವೆ, ಎತ್ತಿಕೊಳ್ಳುವವರೇ ಇಲ್ಲ. ತಾಯಿ ತೀರಿಹೋಗಿದ್ದರು. ಜೊತೆಗೆ ಹಾಡಿದವರೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ. "ಏನಾದರೂ ಮಾಡಿ ವಾಪಸ್ ಬರುತ್ತದೆಯೇ?" ಎಂದು ಮಾತ್ರ ಕೇಳಿದ್ದರು.

ಆ ಹಾಡುಗಳ ಕೆಲವು ಪುಟ ಟೀಚರ್ ಅವರ ಕಂತೆಯಲ್ಲಿತ್ತು. ಅವರು ನಿಜವಾಗಿ ನೋಡಿದ್ದರೆ ನನ್ನ ನಿಯಮ ಅಲ್ಲೇ ಸಿಕ್ಕಿಬೀಳುತ್ತಿತ್ತು. ಉಳಿಸಲು ಸಾಧ್ಯವಾದದ್ದೂ ಆ ಕೆಲವು ಪುಟಗಳನ್ನೇ.

ಮೈಸೂರಿನವನು ಚರಿತ್ರೆ ತೆರೆದು ನೋಡಿ ಗುಂಪಿನಲ್ಲಿ ಬರೆದ: "ಟೀಚರ್, ಇದನ್ನು ನೀವೇ ನೋಡಿದ್ದೀರಿ ಅಂತ ಇದೆಯಲ್ಲ?"

ಟೀಚರ್ ಗುಂಪಿಗೆ ಉತ್ತರಿಸಲಿಲ್ಲ. ನನಗೆ ಫೋನು ಮಾಡಿದರು. ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಅಣ್ಣಾವ್ರೇ, ನಾನು ಇದನ್ನ ನೋಡಿದ್ನಾ?"

ಹೇಳಲು 'ಇಲ್ಲ' ಎಂಬ ಒಂದೇ ಮಾತು ಇತ್ತು. ಕೆಳಗೆ ಬಜಾರಿನಲ್ಲಿ ಯಾರೋ ಗಾಡಿ ತೆಗಿಯೋ ಎಂದು ಕೂಗುತ್ತಿದ್ದರು. ನಾನು ಹೇಳಿದೆ: "ಫೋನಲ್ಲಿ ಕೇಳಿದ್ನಲ್ಲ ಟೀಚರ್. ನೀವು ಹ್ಞೂಂ ಅಂದ್ರಿ."

ಟೀಚರ್ ಗದ್ದಲದಿಂದ ದೂರ ನಡೆದು ಬಂದ ಹಾಗಿತ್ತು.

"ಅಂದಿರ್ಬೋದು" ಎಂದರು. "ಅಮ್ಮನ್ನ ಐಸಿಯುಗೆ ಹಾಕಿದ ದಿನ ಯಾರ್ಯಾರ ಹತ್ರ ಏನೇನ್ ಮಾತಾಡಿದೀನೋ ನಂಗೇ ನೆನಪಿಲ್ಲ. ಅಂದಿರ್ತೀನಿ ಬಿಡಿ."

ಅವತ್ತು ಸಂಜೆ ಆ ನಿಯಮವನ್ನು ಹಿಂದಕ್ಕೆ ತೆಗೆದರು. ಚಿತ್ರದುರ್ಗದವರ ಕ್ಷಮೆ ಕೇಳಿದರು. ನೋಡದೆ ಹ್ಞೂಂ ಎಂದವಳು ಈ ಜಾಗದಲ್ಲಿ ಇರಬಾರದು ಎಂದು ಬರೆದು, ತಮ್ಮ ಹಕ್ಕನ್ನೆಲ್ಲ ಮೈಸೂರಿನವನಿಗೆ ಒಪ್ಪಿಸಿ ಹೊರಟುಹೋದರು. ಬೇಡ ಟೀಚರ್ ಎಂದು ಎಲ್ಲರೂ ಬರೆದರು. ನಾನೂ ಬರೆದೆ.

ಟೀಚರ್ ಮತ್ತೆ ಅಂಗಡಿಗೆ ಬರಲಿಲ್ಲ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಭದ್ರಾವತಿ ಬಸ್ಸು ಎದುರಿಗೇ ನಿಂತಿತ್ತು, ಬೋರ್ಡು ಕಾಣುತ್ತಿತ್ತು. ಆದರೂ ಕಂಡಕ್ಟರನ್ನು ಒಂದು ಸಲ, ಪಕ್ಕದವರನ್ನು ಒಂದು ಸಲ ಕೇಳಿ ಆಮೇಲೆ ಹತ್ತಿದರು. ಕಿಟಕಿಯಿಂದ ನಕ್ಕು, "ಈಗೀಗ ನನ್ ಮೇಲೆ ನಂಗೇ ನಂಬಿಕೆ ಇಲ್ಲ ಅಣ್ಣಾವ್ರೇ" ಎಂದರು. ಆಗಲಾದರೂ ಹೇಳಬಹುದಿತ್ತು. ಬಸ್ಸು ಹೊರಡುವವರೆಗೆ ಸಮಯವಿತ್ತು...

ಬಾಗಿಲಲ್ಲಿ ನಿಂತು ಅವರ ಯಜಮಾನರು ಕೇಳಿದ್ದು ಇದನ್ನೇ. "ಸಾರ್, ಅವತ್ತು ಫೋನಲ್ಲಿ ಅವಳು ನಿಜವಾಗ್ಲೂ ಹ್ಞೂಂ ಅಂದಿದ್ಳಾ? ಕಾಯಿಲೆ ಬಿದ್ದು ಮಲಗಿದ ಮೇಲೂ ಅದನ್ನೇ ಕೇಳ್ತಿದ್ಳು, ಅದಕ್ಕೆ ಕೇಳಿದೆ."

ಕೆಲವು ದಿನ ಬಿಟ್ಟು ನಾನು ಭದ್ರಾವತಿಗೆ ಹೋದೆ. ನ್ಯೂ ಟೌನಿನ ಅವರ ಮನೆಯಲ್ಲಿ ಕೂತು, ಫೋನನ್ನೇ ಮಾಡಿರಲಿಲ್ಲ, ಅವರು ಏನನ್ನೂ ಅಂದಿರಲಿಲ್ಲ ಎಂದು ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿಸಿಕೊಂಡರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಇದನ್ನ ಅವಳಿಗೆ ಹೇಳ್ಬೇಕಿತ್ತು ಸಾರ್" ಎಂದರು. "ನಂಗೆ ಹೇಳಿ ಏನಾಗ್ಬೇಕು?"

ಗೇಟಿನವರೆಗೂ ಬಂದು ಕಳಿಸಿಕೊಟ್ಟರು. ಅದು ಅವರ ಮನೆಯ ಮರ್ಯಾದೆ.

ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಆ ಮೂಲಪ್ರತಿ ತೆರೆದೆ. ಈಗ ಆ ಕಡೆ ಯಾರೂ ಹೆಚ್ಚು ಬರುವುದಿಲ್ಲ. ನಾನು ಹಾಕಿದ ಆ ಸಾಲು ಚರಿತ್ರೆಯಲ್ಲಿ ಹಾಗೇ ಇದೆ, ಅಳಿಸುವ ಹಾಗಿಲ್ಲ. ಕಟ್ಟಿದವರ ಪಟ್ಟಿಯಲ್ಲಿ ಟೀಚರ್ ಹೆಸರಿನ ಕೆಳಗೆ ಸೇರಿಸಲೆಂದು ಎರಡು ಮಾತು ಬರೆದೆ: 'ಉದ್ದಗೆರೆಯ ನಿಯಮವನ್ನು ಇವರು ನೋಡಿರಲಿಲ್ಲ. ನೋಡಿದ್ದಾರೆಂದು ನಾನು ಸುಳ್ಳು ಹೇಳಿದೆ.' ಅವರು ಕಲಿಸಿದ ಹಾಗೆ ಬೇರೆ ಕವಲಿನಲ್ಲಿ ಇಟ್ಟಿದ್ದೇನೆ.

ಕೂಡಿಸುವ ಹಕ್ಕು ನನಗೆ ಇನ್ನೂ ಇದೆ. ಯಾರೂ ಕಿತ್ತುಕೊಂಡಿಲ್ಲ. ಒಂದು ಗುಂಡಿ ಒತ್ತಿದರೆ ಮುಗಿಯಿತು. ದಿನವೂ ಬೆಳಿಗ್ಗೆ ತೆರೆದು ನೋಡುತ್ತೇನೆ, ಒತ್ತುವುದಿಲ್ಲ. ಟೀಚರ್ ಇದ್ದಿದ್ದರೆ ಅದೇ ಸಂಜೆ ನೋಡುತ್ತಿದ್ದರು.

'ನೋಡಿದವರು' ಎಂಬ ಜಾಗ ಇನ್ನೂ ಖಾಲಿ ಇದೆ.