ವಿಡಿಯೊದಲ್ಲಿ ನಾದಿನಿಯ ದನಿ

ನಮ್ಮ ಚಿಗವ್ವ ಸುಮಿತ್ರವ್ವನಿಗೆ ಈ ಭೂಮಿಯ ಮೇಲೆ ಹೊಟ್ಟೆಕಿಚ್ಚು ಇರುವುದು ಒಬ್ಬಳ ಮೇಲೆ ಮಾತ್ರ, ನಾದಿನಿ ಹುಲಗವ್ವನ ಮೇಲೆ. ಅದೂ ಬಂಗಾರಕ್ಕಲ್ಲ, ಹೊಲಕ್ಕಲ್ಲ, ದನಿಗೆ. ಹುಲಗವ್ವ ಸೋಬಾನ ಪದ ಎತ್ತಿದರೆ ನಮ್ಮೂರು ಡೋಣಿಯ ಮದುವೆ ಹಂದರದಲ್ಲಿ ಬ್ಯಾಂಡಿನವರೂ ಊದುವುದು ನಿಲ್ಲಿಸುತ್ತಾರೆ. ಚಿಗವ್ವ ಹಾಡಿದರೆ, ಅವಳೇ ಹೇಳುವ ಹಾಗೆ, ಮಲಗಿದ ಎಮ್ಮೆ ಎದ್ದು ನಿಲ್ಲುತ್ತದೆ.

ಚಿಗವ್ವನ ಕೈಗುಣವೆಲ್ಲ ಹೋಳಿಗೆಯಲ್ಲಿ. ಊರಲ್ಲಿ ಯಾರ ಮದುವೆಯಾದರೂ ಒಲೆಯ ಮುಂದೆ ಅವಳೇ. ಅದಕ್ಕೇ ಇಪ್ಪತ್ತು ವರ್ಷದ ಮದುವೆ ವಿಡಿಯೊಗಳಲ್ಲಿ ಹುಡುಕಿದರೂ ಅವಳ ಬೆನ್ನು ಮಾತ್ರ ಸಿಗುತ್ತದೆ. ಹುಲಗವ್ವನ ಮುಖವೋ, ಪ್ರತಿಯೊಂದರಲ್ಲೂ ಇದೆ. ಚಿಕ್ಕಪ್ಪ ಹುಚ್ಚೀರಪ್ಪ ಬೇರೆ ನೋಡಿದಾಗಲೆಲ್ಲ, "ನಮ್ಮ ತಂಗಿ ದನಿ ಕೇಳ್ರಿ!" ಅನ್ನುತ್ತಾನೆ. ಅಂದು ಅವನ ಸಾರಿಗೆ ಉಪ್ಪು ಹೆಚ್ಚಾಗುತ್ತದೆ.

ಈ ಸಲ ಮದುವೆ ಚಿಗವ್ವನ ಮಗಳು ಸುನಿತಾಳದೇ. ಅಕ್ಷತೆ ಮುಗಿದು ಮದುಮಕ್ಕಳು ಮನೆಯೊಳಗೆ ಹೋಗುವಾಗ ಹೆಂಗಸರು ಬಾಗಿಲು ಕಟ್ಟಿ, ಗಂಡನ ಹೆಸರನ್ನು ಪ್ರಾಸದ ಸಾಲಿಗೆ ಹೆಣೆದ ಒಡಪಿನಲ್ಲಿ ಮದುಮಗಳಿಂದ ಹೇಳಿಸಿಯೇ ಒಳಗೆ ಬಿಡುವುದು ನಮ್ಮ ಪದ್ಧತಿ. ಅಲ್ಲಿ ಹುಲಗವ್ವ ಪದ ಎತ್ತಿದಳು. ಒಂದಲ್ಲ ಎರಡಲ್ಲ, ಹನ್ನೊಂದು ನುಡಿ! ಹಿತ್ತಲಲ್ಲಿ ಬೀಗರಿಗೆ ಬಡಿಸುತ್ತಿದ್ದ ಚಿಗವ್ವ ಓಡಿ ಬಂದಾಗಲೂ ಪದ ನಡೆದೇ ಇತ್ತು.

"ನನ್ನ ಮಗಳ ಮದುವ್ಯಾಗೂ ಆಕೀದ ದರ್ಬಾರ," ಎಂದು ಅಂದಿನಿಂದ ಗೊಣಗುತ್ತಿದ್ದವಳು, ವಿಡಿಯೊಕ್ಕೆ ಮ್ಯೂಸಿಕ್ ಆರಿಸಲು ಮುಂಡರಗಿಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದಳು.

ವಿಡಿಯೊ ಮಾಡಿದ ಮುಸ್ತಾಕ ಅಂಗಡಿಯಲ್ಲಿ ಒಂದೊಂದೇ ಟ್ಯೂನ್ ಕೇಳಿಸಿದ. ಚಿಗವ್ವ ಎಲ್ಲಕ್ಕಿಂತ ಜೋರಾಗಿದ್ದ ಶಹನಾಯಿಗೆ ಬೆರಳು ಮಾಡಿದಳು.

"ಇದನ್ನ ಬಾಗಲ ಕಟ್ಟೋದರ ಮ್ಯಾಲೆ ಹಾಕು ತಮ್ಮಾ. ಒಂದ ಅಕ್ಷರ ಹೊರಗ ಬರಬಾರದು."

"ಅಕ್ಕಾರ, ಇಷ್ಟ ಛಲೋ ಪದ ಐತ್ರಿ, ಯಾಕ ಮುಚ್ಚಸ್ತೀರಿ?"

"ನೀನೂ ಆಕೀ ಕಡೀನ ಏನ್?"

"ನಾ ಯಾರ ಕಡೀನೂ ಅಲ್ರಿ! ಪದದ ಬೆನ್ನಿಗೇ ಸುನಿತಾನ ಒಡಪು ಐತಿ, ಅದೂ ಮುಚ್ಚಿ ಹೋಗತೈತಿ. ಪದ ಎಲ್ಲಿಗೆ ಮುಗೀತು ಅಂತ ನೀವ ಕೇಳಿ ಹೇಳ್ರಿ, ಅಲ್ಲೀತನಕಾ ಮುಚ್ಚತೀನಿ," ಎಂದು ಮುಸ್ತಾಕ ಅವಳ ಸೆರಗಿನ ಮೇಲೆಯೇ ಹೆಡ್‌ಫೋನ್ ಸಿಕ್ಕಿಸಿದ. ಮದುಮಗನ ಕೋಟಿಗೆ ಸಣ್ಣ ಮೈಕು ಹಚ್ಚಿದ್ದನಂತೆ, ಪಿಸುಮಾತೂ ಅದರಲ್ಲಿ ಬಿದ್ದಿತ್ತು.

ಚಿಗವ್ವ ಮುಖ ಗಂಟಿಕ್ಕಿಕೊಂಡು ಕೇಳತೊಡಗಿದಳು. ಎರಡನೆಯ ನುಡಿಗೆ ಮೂಗು ಮುರಿದಳು. ಮೂರನೆಯದಕ್ಕೆ ಮುರಿದ ಮೂಗು ಹಾಗೇ ನಿಂತಿತು. ಹೆಡ್‌ಫೋನ್ ಕಿತ್ತು, ಮುಸ್ತಾಕನಿಂದ ಅದನ್ನೇ ಮತ್ತೆ ಹಾಕಿಸಿ, ನಮ್ಮಿಬ್ಬರ ಕಿವಿಗಳ ನಡುವೆ ಒತ್ತಿದಳು.

ಪದದ ನಡುವೆ ಸುನಿತಾಳ ಪಿಸುದನಿ: "ಅತ್ತೀ, ಅವ್ವ ಎಲ್ಲಿ? ಆಕಿ ಬರೂತನಕಾ ನಾ ಹೆಸರ ಹೇಳಂಗಿಲ್ಲ."

ಹುಲಗವ್ವ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ: "ನಿಂದರ ಹಂಗ, ನಾ ಪದಾ ಎಳಕೋಂತ ಹೋಗತೀನಿ. ಏ, ಯಾರರ ಸುಮಿತ್ರಕ್ಕನ್ನ ಕರೀರಿ, ಲಗೂ!"

ಆಮೇಲೆ ಮತ್ತೆ ಪದ. ಕೊನೆಯ ನುಡಿಗಳಲ್ಲಿ ದನಿ ಒಡೆದಿತ್ತು, ಆದರೂ ಬಿಟ್ಟಿರಲಿಲ್ಲ.

ಚಿಗವ್ವ ಹೆಡ್‌ಫೋನನ್ನು ಮುಸ್ತಾಕನ ಕೈಗಿಟ್ಟಳು. "ನನ್ನ ಸಲುವಾಗಿ ಗಂಟಲಾ ಹರಕೊಂಡಾಳಲ್ಲ ಈಕಿ," ಅಂದಳು. ಮೆಚ್ಚಿ ಅಂದಳೋ, ಇದರಲ್ಲೂ ಅವಳೇ ಗೆದ್ದಳಲ್ಲಾ ಎಂದು ಉರಿದು ಅಂದಳೋ, ನನಗೆ ತಿಳಿಯಲಿಲ್ಲ.

"ಹಂಗಾರ ಶಹನಾಯಿ ಬ್ಯಾಡೇನ್ರಿ ಅಕ್ಕಾರ?"

"ಬ್ಯಾಡ. ಪದ ಇರಲಿ."

ನನಗೂ ಮುಸ್ತಾಕನಿಗೂ ಉಸಿರು ಬಂತು. ಅಷ್ಟರಲ್ಲಿ ಚಿಗವ್ವನ ಕಣ್ಣು ಪರದೆಗೆ ಹೋಯಿತು. ಅದರ ತುಂಬ ಹುಲಗವ್ವನ ಮುಖ.

"ಇಷ್ಟ ದೊಡ್ಡದಾಗಿ ಯಾಕ ತಗದೀಯೋ ಆಕೀನ? ನಾ ಹಿತ್ತಲದಿಂದ ಓಡಿ ಬಂದದ್ದು ತಗದೀ ಇಲ್ಲೋ?"

"ತಗದೇನ್ರಿ, ಒಂದೀಟು."

"ಪದ ಆಕೀದ ಇರಲಿ. ಮಾರಿ ನಂದ ಹಾಕು."

"ಹನ್ನೊಂದ ನುಡಿಗೂ ಏನ್ರಿ?"

"ಹನ್ನೊಂದಕ್ಕೂ."

ಅವಳು ಓಡಿ ಬಂದಿದ್ದು ಎಣಿಸಿ ಎಂಟು ಸೆಕೆಂಡು. ಮುಸ್ತಾಕ ತಲೆ ಕೆರೆದುಕೊಂಡು ಅದನ್ನು ಸ್ಲೋ ಮಾಡಿ ಎಳೆದ, ಮತ್ತೂ ಎಳೆದ. ಈಗ ನಮ್ಮ ಮನೆಯ ವಿಡಿಯೊದಲ್ಲಿ ಹುಲಗವ್ವ ಹಾಡುತ್ತಲೇ ಇರುತ್ತಾಳೆ, ಚಿಗವ್ವ ಹಿತ್ತಲಿನಿಂದ ಬಾಗಿಲಿಗೆ ಬಂದು ಮುಟ್ಟಲು ನಾಲ್ಕು ನಿಮಿಷ ಬೇಕಾಗುತ್ತದೆ.