ನನ್ನ ಮದರ್ ಮೇರಿ ನಾಣ್ಯವಾದ ದಿನ

“ಮ್ಯಾಡಮ್, ದಿಸ್ ಈಸ್ ನಾಟ್ ಮದರ್ ಮೇರಿ. ಇಟ್ಸ್ ಎ ಕಾಯಿನ್!”

ಸ್ಯಾನ್ ಡಿಯಾಗೋದ ಮಗಳ ಮನೆಗೆ ದಸರಾ ಗೊಂಬೆ ನೋಡಲು ಬಂದಿದ್ದ ಪಕ್ಕದ ಮನೆಯ ರಿಟೈರ್ಡ್ ಹಿಸ್ಟರಿ ಪ್ರೊಫೆಸರ್ ಹೀಗೆಂದಾಗ, ಕೋಸಂಬರಿ ಬಡಿಸುತ್ತಿದ್ದ ನನ್ನ ಕೈ ಹಾಗೆಯೇ ನಿಂತಿತು. ಅವರು ತೋರಿಸುತ್ತಿದ್ದುದು ಗೊಂಬೆಗಳ ನಡುವೆ ನಾನಿಟ್ಟಿದ್ದ, ಕುಂಕುಮ ಮೆತ್ತಿದ ಬೆಳ್ಳಿಯ ಬಿಲ್ಲೆಯನ್ನು. ಕಾಗದದಷ್ಟು ತೆಳುವಾದ ಅದರ ಮೇಲೆ, ತಲೆಗೆ ಮುಸುಕು ಹೊದ್ದ ಹೆಂಗಸೊಬ್ಬಳು ಪುಸ್ತಕ ಹಿಡಿದು ಕುಳಿತಿದ್ದಾಳೆ. ಮದುವೆ ಗೊತ್ತಾಗಿ ನಾನು ಇಂಟರ್‌ಮೀಡಿಯೇಟ್ ಅರ್ಧಕ್ಕೇ ಬಿಟ್ಟಾಗ, ಕಾನ್ವೆಂಟಿನ ಜರ್ಮನ್ ಸಿಸ್ಟರ್ ಅದನ್ನು ನನ್ನ ಅಂಗೈಯಲ್ಲಿಟ್ಟು, “ಕೀಪ್ ಹರ್ ವಿತ್ ಯೂ” ಎಂದಿದ್ದರು. ಯಾರೆಂದು ನಾನು ಕೇಳಲಿಲ್ಲ, ಮದರ್ ಮೇರಿ ಎಂದುಕೊಂಡೆ. ಅಂದಿನಿಂದ ದೇವರ ಪೆಟ್ಟಿಗೆಯಲ್ಲೇ ಆಕೆಯ ವಾಸ, ಶುಕ್ರವಾರಕ್ಕೊಮ್ಮೆ ಕುಂಕುಮ.

ಪ್ರೊಫೆಸರ್ ಹೇಳಿದ ಪ್ರಕಾರ, ಎಂಟುನೂರು ವರ್ಷಗಳ ಹಿಂದೆ ಜರ್ಮನಿಯ ಒಂದು ಪುಟ್ಟ ಸೀಮೆಯನ್ನು ಸನ್ಯಾಸಿನಿಯರ ಮಠದ ಮುಖ್ಯಸ್ಥೆಯೇ ಆಳುತ್ತಿದ್ದಳಂತೆ. ತೆರಿಗೆ ಅವಳದು, ನ್ಯಾಯತೀರ್ಮಾನ ಅವಳದು, ಟಂಕಸಾಲೆಯೂ ಅವಳದೇ. ನಾಣ್ಯದ ಮೇಲಿರುವುದು ಅವಳೇ! ನನಗೆ ನಂಬಲಾಗಲಿಲ್ಲ. ನಮ್ಮ ಸಿಸ್ಟರ್‌ಗಳು ಒಂದು ಡಬ್ಬ ಚಾಕ್‌ಪೀಸ್ ತರಿಸಲೂ ಫಾದರ್ ಪರ್ಮಿಶನ್ ಕೇಳಬೇಕಿತ್ತು.

ಮೊಮ್ಮಗಳಿಗೆ ನಗುವೋ ನಗು. “ಅಜ್ಜಿ, ಯೂ ವರ್ ಪ್ರೇಯಿಂಗ್ ಟು ಎ ಬಾಸ್! ಏನು ಕೇಳ್ತಿದ್ರಿ ಅವಳನ್ನ?”

ಸಿಸ್ಟರ್ ನನಗೇ ಆಕೆಯನ್ನು ಏಕೆ ಕೊಟ್ಟರೆಂಬುದು ಆಗ ಹೊಳೆಯಿತು. ಐವತ್ತು ವರ್ಷ, ಶುಕ್ರವಾರ ತಪ್ಪದೆ, ಆ ಹೆಂಗಸಿನ ಮುಂದೆ ನಾನು ಬೇಡಿದ್ದು ಒಂದನ್ನೇ: “ತಾಯೀ, ಹೊಂದಿಕೊಂಡು ಹೋಗುವ ಬುದ್ಧಿ ಕೊಡು.”